ಲಿಸ್ಬನ್ನಿನಲ್ಲಿ ಇಂಗು

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಅನ್ನುವುದು ಹಳೇ ಗಾದೆ. ಏರ್‌ಪೋರ್ಟ್ ಬಂದ ಮೇಲೆ ತೂಬಗೆರೆ ಕಡೆ ಅದು ಕೊಂಚ ರಿಪೇರಿಯಾಗಿದೆ: ಇಂಗು ಇದ್ದು ತೆಂಗು ಇಲ್ಲದಿದ್ದರೆ ಮಂಗ ವಿಮಾನ ಹತ್ತುತ್ತದೆ. ರಿಪೇರಿ ಮಾಡಿದವನು ನಂದೀಶ. ಅವನು ಹೇಳುವುದರಲ್ಲಿ ಮುಕ್ಕಾಲು ಪಾಲು ಸುಳ್ಳು ಎಂದು ಊರಿಗೆಲ್ಲ ಗೊತ್ತು. ಈಗ ಹೇಳುವ ಸಂಗತಿ ಮಾತ್ರ ಮಿಕ್ಕ ಕಾಲು ಪಾಲಿಗೆ ಸೇರಿದ್ದು.

ಅವನ ಸೋದರಮಾವ, ತೂಬಗೆರೆಯ ಬೇಕರಿಯ ಸಂಜೀವಪ್ಪ, ಆಗ ಪೋರ್ಚುಗಲ್ ದೇಶದ ಲಿಸ್ಬನ್ ಎಂಬ ಊರಿನ ಅಡುಗೆಶಾಲೆಯೊಂದರಲ್ಲಿ, ಬಿಳೀ ಏಪ್ರನ್ ಕಟ್ಟಿಕೊಂಡು, ಕುದಿಯುವ ಸಕ್ಕರೆ ಪಾಕದ ಮೇಲೆ ಮೂಗು ಒಡ್ಡಿ ನಿಂತಿದ್ದ. ಪಾಕದಲ್ಲಿ ಒಂದು ತುಂಡು ಚಕ್ಕೆ, ನಿಂಬೆ ಸಿಪ್ಪೆಯ ಉದ್ದನೆಯ ಒಂದು ಸುರುಳಿ. ಪಾಠ ಹೇಳುವಾಕೆ ಫಿಲೊಮೆನಾ, ಅರವತ್ತು ದಾಟಿದ, ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡ ಗಟ್ಟಿ ಹೆಂಗಸು. ಟೂರಿಗೆ ಹೋಗಿದ್ದ ನಮ್ಮ ಕಡೆಯ ಬೇಕರಿಯವರು ಮೊದಲ ಹತ್ತು ನಿಮಿಷದಲ್ಲೇ ಆಕೆಯನ್ನು ಫಿಲೋಮಿನಮ್ಮ ಮಾಡಿಕೊಂಡಿದ್ದರು.

"ಸಿಪ್ಪೆ ಘಮ ಬಿಟ್ಟ ತಕ್ಷಣ ಒಲೆ ಆರಿಸ್ಬೇಕಂತೆ ಮಾವ," ಆಕೆಯ ಇಂಗ್ಲಿಷನ್ನು ನಂದೀಶ ಕನ್ನಡಕ್ಕಿಳಿಸಿದ. "ಒಂದು ನಿಮಿಷ ಜಾಸ್ತಿಯಾದ್ರೂ ಕಹಿ ಹೊಡೆಯುತ್ತಂತೆ. ಬಂತಾ?"

ಸಂಜೀವಪ್ಪ ಪಾಕದ ಕಡೆ ನೋಡಲಿಲ್ಲ. ಪಕ್ಕದ ಮೇಜಿನ ಹತ್ತಿರ ನಿಂತಿದ್ದ ನೆಲಮಂಗಲದ ಬೇಕರಿಯ ಗೋವಿಂದರಾಜುವಿನ ಮೂಗನ್ನು ನೋಡುತ್ತಿದ್ದ. ದಪ್ಪ ಮೂಗು, ಏನನ್ನೂ ಬಚ್ಚಿಡದ ಮೂಗು. ಅದರ ಹೊಳ್ಳೆಗಳು ಒಂದು ಸಲ ಅರಳಿ ನಿಂತವು.

"ಬಂತು," ಎಂದು ಸಂಜೀವಪ್ಪ ಒಲೆ ಆರಿಸಿದ.

ಫಿಲೋಮಿನಮ್ಮ ಮೆಚ್ಚಿ ತಲೆಯಾಡಿಸಿದಳು. ಸಂಜೀವಪ್ಪ ಬೆನ್ನ ಮೇಲಿನ ಬೆವರು ಆರುವವರೆಗೆ ಅಲ್ಲೇ ನಿಂತ.

ಕೊರೊನಾ ಎರಡನೇ ಅಲೆಯ ಜ್ವರ ಅವನನ್ನು ಹನ್ನೊಂದು ದಿನ ಮಲಗಿಸಿತ್ತು. ಜ್ವರ ಹೋಯಿತು, ಕೆಮ್ಮು ಹೋಯಿತು, ಜೊತೆಗೆ ವಾಸನೆಯೂ ಹೋಯಿತು. ಮೊದಲಿನ ಎರಡೂ ಹೋಗಿದ್ದು ಒಳ್ಳೆಯದಾಯಿತು, ಮೂರನೆಯದು ಮಾತ್ರ ವಾಪಸು ಬರಲಿಲ್ಲ. ಡಾಕ್ಟರು ಬರುತ್ತೆ ಬರುತ್ತೆ ಅಂದರು. ಎರಡು ವರ್ಷವಾಯಿತು. ಸಿಹಿ, ಉಪ್ಪು, ಹುಳಿ, ಖಾರ ನಾಲಿಗೆಗೆ ತಿಳಿಯುತ್ತಿದ್ದವು. ಏಲಕ್ಕಿ, ಬೆಣ್ಣೆ, ಒಲೆಯಲ್ಲಿ ಕೆಂಪಗಾಗುವ ಬನ್ನು, ಮೊದಲ ಮಳೆಗೆ ರಾಗಿ ಹೊಲದ ಮಣ್ಣು, ಇವೆಲ್ಲ ಗಾಜಿನ ಆಚೆ ನಿಂತು ಕೈ ಬೀಸುವವರಂತೆ ಕಾಣುತ್ತಿದ್ದವು ಅಷ್ಟೆ.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಅಕ್ಕಯಮ್ಮನಿಗೂ ಹೇಳಿರಲಿಲ್ಲ. ಹೇಳದಿದ್ದುದಕ್ಕೆ ಕಾರಣ ಅವಳ ತಮ್ಮ ಬೈಲಪ್ಪ. ಏರ್‌ಪೋರ್ಟ್ ಬಂದಾಗಿನಿಂದ ತೂಬಗೆರೆಯಲ್ಲಿ ರೋಡಿನ ಪಕ್ಕದ ಒಂದೊಂದು ಶಟರ್‌ಗೂ ಹತ್ತು ಜನ ಕಾದಿದ್ದರು. "ಭಾವ, ಬೆಂಕಿ ಮುಂದೆ ಎಷ್ಟು ದಿನ ಬೇಯ್ತೀರ? ಮೊಬೈಲ್ ಅಂಗಡಿಯೋರು ಕೇಳ್ತಾವ್ರೆ, ಬಾಡಿಗೆಗೆ ಬುಟ್ಬುಟ್ಟು ಆರಾಮಾಗಿರಿ," ಎಂದು ಬೈಲಪ್ಪ ಹಬ್ಬಕ್ಕೊಂದು ಸಲ ಬಂದು ಹೇಳುತ್ತಿದ್ದ. ಅದಕ್ಕೆ ಸಂಜೀವಪ್ಪನದು ಒಂದೇ ಉತ್ತರ: "ನನ್ ಮೂಗು ನೆಟ್ಟಗಿರೋಗಂಟ ನನ್ ಒಲೆ ಆರಲ್ಲ ಬೈಲಪ್ಪ." ಜ್ವರಕ್ಕೆ ಮೊದಲು ಅದನ್ನು ಎದೆ ತಟ್ಟಿಕೊಂಡು ಹೇಳುತ್ತಿದ್ದ. ಜ್ವರದ ಮೇಲೂ ಹೇಳಲೇಬೇಕಾಯಿತು. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಜನ ಯಾಕೆ ಎಂದು ಕೇಳುತ್ತಾರಲ್ಲ.

ಹಾಗಾಗಿ ಅವನು ದೇವರನ್ನು ಜಾಮೀನಿಗೆ ಹಿಡಿದ. ಹಬ್ಬದ ಒಬ್ಬಟ್ಟಿಗೆ ಹೂರಣ ಮಾಡುವಾಗ ಎಡೆ ಇಡುವ ಮೊದಲು ಯಾರೂ ರುಚಿ ನೋಡುವುದಿಲ್ಲ, ನೋಡಿದರೆ ಎಂಜಲು. ಸಂಜೀವಪ್ಪ ಆ ಪದ್ಧತಿಯನ್ನು ಬೇಕರಿಗೂ ವಿಸ್ತರಿಸಿದ. ದಿನದ ಮೊದಲ ಟ್ರೇ ಶಿವಗಂಗೆ ಗಂಗಾಧರೇಶ್ವರನ ಫೋಟೋದ ಮುಂದೆ ಹೋಗುತ್ತಿತ್ತು. ಅಲ್ಲಿಂದ ಒಂದು ಬನ್ನು, ಒಂದು ಬೆಣ್ಣೆ ಬಿಸ್ಕತ್ತು ಅಕ್ಕಯಮ್ಮನ ಕೈಗೆ. "ಹೆಂಗೈತೆ ಪ್ರಸಾದ?" ಎಂದು ಕೇಳುತ್ತಿದ್ದ. "ಏಲಕ್ಕಿ ವಸಿ ಮುಂದಾಗೈತೆ," ಎನ್ನುತ್ತಿದ್ದಳು. ಮಾರನೆಯ ದಿನ ಏಲಕ್ಕಿ ವಸಿ ಹಿಂದಾಗುತ್ತಿತ್ತು. ಕಾಯಿಲೆ ಮನುಷ್ಯನನ್ನು ದೇವರ ಹತ್ತಿರ ತಂದಿತು ಎಂದು ಊರವರು ಮಾತಾಡಿಕೊಂಡರು. ಒಂದಿಬ್ಬರು ಬನ್ನಿನ ಜೊತೆ ಮದುವೆಗೆ ಒಳ್ಳೆ ದಿನವನ್ನೂ ಅವನಲ್ಲೇ ಕೇಳಿದರು.

ಒಂದೇ ಒಂದು ಸಲ ಜಾಮೀನು ಕೈಕೊಟ್ಟಿತ್ತು. ಒಂದು ಮಧ್ಯಾಹ್ನ ಎರಡು ಟ್ರೇ ಬಿಸ್ಕತ್ತು ಒಲೆಯೊಳಗೆ ಇದ್ದಿಲಾಗುತ್ತಿದ್ದಾಗ ಅವನು ಒಲೆಗೆ ಬೆನ್ನು ಹಾಕಿ ಪೇಪರು ಓದುತ್ತಿದ್ದ. ಹಿಂದಿನ ಮನೆಯಿಂದ ಅಕ್ಕಯಮ್ಮ ಸೆರಗು ಮೂಗಿಗಿಟ್ಟುಕೊಂಡು ಓಡಿ ಬಂದಿದ್ದಳು. "ಥರ್ಮೋಸ್ಟಾಟ್ ಹೋಗೈತೆ," ಎಂದು ಅವನು ಚೆನ್ನಾಗಿದ್ದ ಥರ್ಮೋಸ್ಟಾಟನ್ನು ಬಿಚ್ಚಿಸಿ ಹೊಸದು ಹಾಕಿಸಿದ್ದ.

ಹೀಗಿರುವಾಗ ಬೇಕರಿಗಳಿಗೆ ವನಸ್ಪತಿ ಮಾರುವ ಕಂಪನಿಯೊಂದು, ತನ್ನ ಡಬ್ಬ ಹೆಚ್ಚು ಖಾಲಿ ಮಾಡಿದ ಬೇಕರಿಯವರನ್ನು ಯೂರೋಪು ಟೂರಿಗೆ ಕರೆದುಕೊಂಡು ಹೋಗುತ್ತೇವೆ ಅಂತು. ಹತ್ತನೇ ಕ್ಲಾಸು ಪಾಸಾಗದ ಸಂಜೀವಪ್ಪನಿಗೂ ಪಾಸ್‌ಪೋರ್ಟ್ ಬಂತು. ಟಿಕೆಟ್ಟು ಇಬ್ಬರಿಗೆ. "ಹದಿನೈದು ವರ್ಸದಿಂದ ಮನೆ ಮ್ಯಾಲೆ ವಿಮಾನದ ಹೊಟ್ಟೆ ನೋಡ್ತಾನೇ ಇವ್ನಿ, ಒಳಕ್ಕೋಗಿ ಇನ್ನೇನ್ ನೋಡ್ಲಿ," ಎಂದು ಅಕ್ಕಯಮ್ಮ ಒಲ್ಲೆ ಅಂದಳು. ಅವಳ ಜಾಗಕ್ಕೆ ಅಕ್ಕನ ಮಗ ನಂದೀಶ ಬಂದ. ಬಿ.ಕಾಂ ಮಾಡಿ ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ. ಆದರೆ ಊರಿನಲ್ಲಿ ಅವನಿಗೆ ಹೆಸರು ಬಂದದ್ದು ಗಂಟಲಿನಿಂದ. ವಿಮಾನದ ಅನೌನ್ಸ್‌ಮೆಂಟು, ಬಸ್ಸಿನ ಕಂಡಕ್ಟರು, ಬೈಲಪ್ಪನ ಕೆಮ್ಮು, ಯಾವುದನ್ನು ಕೇಳಿದರೆ ಅದು ಬರುತ್ತಿತ್ತು. ಅವನ ಸ್ವಂತ ದನಿ ಹೇಗಿದೆ ಎಂದು ಮನೆಯವರಿಗೂ ಸರಿಯಾಗಿ ನೆನಪಿರಲಿಲ್ಲ.

ಅಕ್ಕಯಮ್ಮ ಬ್ಯಾಗಿಗೆ ನಿಪ್ಪಟ್ಟು, ಚಟ್ನಿಪುಡಿ, ಮೇಲೆ ಒಂದು ಹಳದಿ ಡಬ್ಬಿ ಇಂಗು ಹಾಕಿದಳು. ಆ ದೇಶದ ಊಟ ಹೊಟ್ಟೆಗೆ ಒಗ್ಗದಿದ್ದರೆ ಮಜ್ಜಿಗೆಗೆ ಇರಲಿ ಎಂದು. ಮೂರು ಕವರು ಸುತ್ತಿದ್ದಳು. ವಿಮಾನದಲ್ಲಿ ಮುಂದಿನ ಸೀಟಿನವರು ಪದೇ ಪದೇ ಯಾಕೆ ಹಿಂದೆ ತಿರುಗಿ ನೋಡುತ್ತಿದ್ದಾರೆಂದು ಸಂಜೀವಪ್ಪನಿಗೆ ಅರ್ಥವಾಗಲಿಲ್ಲ. ಮರ್ಯಾದೆಗೆ ಅವರತ್ತ ನಗುತ್ತಿದ್ದ.

ಪಾಠ ಇದ್ದದ್ದು ಟೂರಿನ ಐದನೆಯ ದಿನ. ಕಲಿಸುತ್ತಿದ್ದ ತಿಂಡಿ ಆ ಊರಿನವರು ಕಾಫಿಯ ಜೊತೆ ತಿನ್ನುವ ಅಂಗೈಯಗಲದ ಬಟ್ಟಲು: ಹೊರಗೆ ಪದರ ಪದರದ ಮೈದಾ, ಒಳಗೆ ಹಾಲು, ಸಕ್ಕರೆ ಪಾಕ, ಮೊಟ್ಟೆಯ ಹಳದಿ ಸೇರಿಸಿದ ಗಟ್ಟಿ ಕೆನೆ. ಪಾಕವಾದ ಮೇಲೆ ಹಿಟ್ಟಿನ ಕೆಲಸ. ಬೆಣ್ಣೆ ಸವರಿ ಮಡಿಸಿ ಸುರುಳಿ ಸುತ್ತಿದ ಹಿಟ್ಟನ್ನು ಬೆರಳುದ್ದ ಕತ್ತರಿಸಿ, ತವರದ ಅಚ್ಚಿನಲ್ಲಿ ನಿಲ್ಲಿಸಿ, ಹೆಬ್ಬೆರಳನ್ನು ತಣ್ಣೀರಿನಲ್ಲಿ ಅದ್ದಿ ನಡುವಿನಿಂದ ಅಂಚಿಗೆ ಒತ್ತುತ್ತಾ ಬರಬೇಕು. ಹೊಸಕೋಟೆಯ ಮುನಿಸ್ವಾಮಿ ಒತ್ತಿದ್ದು ತೂತಾಯಿತು. ಅವನು ಪಿಲ್ಲಗುಂಪೆಯ ಫ್ಯಾಕ್ಟರಿ ಕ್ಯಾಂಟೀನುಗಳಿಗೆ ದಿನಕ್ಕೆ ಸಾವಿರಗಟ್ಟಲೆ ಬನ್ನು ಹಾಕುವವನು. ಹಿಟ್ಟಿಗೆ ಕೈ ತಾಗಿಸಿ ವರ್ಷಗಳಾಗಿದ್ದವು.

"ಮುನಿಸ್ವಾಮಿ, ಅದು ಬೋರ್‌ವೆಲ್ ಅಲ್ಲ ಕಣಯ್ಯ," ಎಂದ ಗೋವಿಂದರಾಜು.

ಸಂಜೀವಪ್ಪನ ಹೆಬ್ಬೆರಳು ಮಾತ್ರ ಒಂದೇ ಸುತ್ತಿಗೆ ಅಂಚು ಮುಟ್ಟಿತು. ಹಿಟ್ಟು ಅಚ್ಚಿನ ಮೈಗೆ ಈರುಳ್ಳಿ ಸಿಪ್ಪೆಯಂತೆ ಹತ್ತಿಕೊಂಡಿತು. ಫಿಲೋಮಿನಮ್ಮ ಹತ್ತಿರ ಬಂದು ಅವನ ಹೆಬ್ಬೆರಳನ್ನು ಹಿಡಿದು ನೋಡಿದಳು, ಪಕ್ಕದಲ್ಲಿ ತನ್ನದನ್ನಿಟ್ಟಳು. ಎರಡೂ ತುದಿಯಲ್ಲಿ ಸವೆದು ಚಪ್ಪಟೆಯಾಗಿದ್ದವು. ನಂದೀಶನಿಗೆ ಕನ್ನಡಕ್ಕಿಳಿಸುವ ಕೆಲಸ ಬೀಳಲಿಲ್ಲ. ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ ಸಂಜೀವಪ್ಪನ ಹೆಗಲಿನ ಬಿಗಿ ಇಳಿಯಿತು.

ಅಷ್ಟರಲ್ಲಿ ಆಕೆ ಕೆನೆಯಲ್ಲಿ ಒಂದು ಚಮಚ ಅದ್ದಿ ಅವನ ಬಾಯಿಯ ಮುಂದೆ ಹಿಡಿದಳು.

"ರುಚಿ ನೋಡಿ, ಏನು ಕಮ್ಮಿ ಅಂತ ಹೇಳ್ಬೇಕಂತೆ."

ಸಂಜೀವಪ್ಪ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ. "ಎಡೆ ಇಡೋಕ್ ಮುಂಚೆ ನಾನ್ ಬಾಯಿಗ್ ಹಾಕ್ಕೊಳಲ್ಲ ಅಂತ ಹೇಳಪ್ಪ."

ನಂದೀಶ ಹೇಳಿದ. ಫಿಲೋಮಿನಮ್ಮ ಒಂದು ಗಳಿಗೆ ಯೋಚಿಸಿದಳು. ಆಮೇಲೆ, ಹೌದಲ್ಲ, ಇಷ್ಟು ವರ್ಷ ನನಗ್ಯಾಕೆ ಹೊಳೆಯಲಿಲ್ಲ ಎನ್ನುವ ಮುಖದಲ್ಲಿ, ಗೋಡೆಯ ಗೂಡಿನಲ್ಲಿದ್ದ ಅವರ ಸಂತರ ಪುಟ್ಟ ಗೊಂಬೆಯ ಹತ್ತಿರ ಹೋಗಿ ಒಂದು ತಟ್ಟೆಯಲ್ಲಿ ಕೆನೆ ಇಟ್ಟು, ಎದೆಯ ಮೇಲೆ ಶಿಲುಬೆ ಎಳೆದುಕೊಂಡು, ಹೊಸ ಚಮಚ ಹಿಡಿದು ವಾಪಸು ಬಂದಳು.

"ಎಡೆ ಆಯ್ತಂತೆ ಮಾವ."

ಬೇರೆ ದಾರಿಯಿರಲಿಲ್ಲ. ಬಾಯಿಗೆ ಹಾಕಿಕೊಂಡ. ಬೆಚ್ಚಗಿತ್ತು, ನುಣ್ಣಗಿತ್ತು, ಸಿಹಿಯಿತ್ತು. ವಾಸನೆಯಿರಬೇಕಾದ ಕಡೆ ಗೋಡೆ. "ಸೂಪರ್," ಎಂದ. ಆ ಪದ ಎಲ್ಲ ದೇಶದಲ್ಲೂ ನಡೆಯುತ್ತದೆ ಎಂದು ಐದು ದಿನದಲ್ಲಿ ಕಲಿತಿದ್ದ.

ಇದನ್ನೆಲ್ಲ ನೋಡುತ್ತಿದ್ದ ನಂದೀಶನಿಗೆ ಮಾವನ ಮಡಿ ಕಂಡು ಕೈ ಕಡಿಯಲು ಶುರುವಾಗಿತ್ತು. ಇಂಗು ತಿಂದ ಮಂಗ ಎನ್ನುವ ಮಾತನ್ನು ಊರಿನಲ್ಲಿ ಎಲ್ಲರೂ ಆಡುತ್ತಾರೆ, ಅದರ ಮುಖ ಹೇಗಿರುತ್ತದೆಂದು ಯಾರೂ ಕಂಡಿಲ್ಲ. ವೀಡಿಯೋ ಮಾಡಿ ತೋರಿಸುತ್ತೇನೆ ಎಂದು ಅವನು ಬೆಳಿಗ್ಗೆಯೇ ಮುನಿಸ್ವಾಮಿಯ ಕಿವಿಯಲ್ಲಿ ಹೇಳಿದ್ದ. ಅಚ್ಚುಗಳಿಗೆ ಕೆನೆ ಸುರಿಯುವ ಹೊತ್ತಿಗೆ ಸರಿಯಾಗಿ ಅವನು ಮುಷ್ಟಿಯನ್ನು ಮೈಕು ಮಾಡಿ ಬಾಯಿಗಿಟ್ಟುಕೊಂಡ.

"ಪ್ರಯಾಣಿಕರ ಗಮನಕ್ಕೆ. ಹೊಸಕೋಟೆಯಿಂದ ಬಂದಿರುವ ಮುನಿಸ್ವಾಮಿ ಎಂಬ ಲಗೇಜು ಬೆಲ್ಟಿನ ಮೇಲೆ ಮೂರು ಸುತ್ತು ತಿರುಗಿದರೂ ಯಾರೂ ಎತ್ತಿಕೊಂಡಿಲ್ಲ. ವಾರಸುದಾರರು ದಯಮಾಡಿ ಇಬ್ಬರು ಬರತಕ್ಕದ್ದು."

ಕನ್ನಡ ಬಾರದ ಫಿಲೋಮಿನಮ್ಮನೂ ನಕ್ಕಳು. ಎಲ್ಲರೂ ಅವನ ಬಲಗೈಯ ಮೈಕನ್ನು ನೋಡುತ್ತಿದ್ದರು. ಎಡಗೈ ಸಂಜೀವಪ್ಪನ ಕೆನೆಯ ಜಗ್ಗಿನ ಮೇಲೆ ಹಾದು ಹೋದದ್ದನ್ನು ಯಾರೂ ನೋಡಲಿಲ್ಲ.

ಆರು ಬಟ್ಟಲಿನ ಅವನ ಟ್ರೇ ಒಲೆಗೆ ಹೋಯಿತು. ಒಲೆಯ ಗಾಜಿನ ಮುಂದೆ ಸಂಜೀವಪ್ಪ ಕುಕ್ಕರುಗಾಲಿನಲ್ಲಿ ಕೂತ. ಈಗ ಅವನ ಕೆಲಸವೆಲ್ಲ ಕಣ್ಣು ಕಿವಿಗಳದ್ದು. ಅಂಚು ಏಳುವುದನ್ನು ನೋಡಬಲ್ಲ, ಬೆಣ್ಣೆ ಚಿಟಿಚಿಟಿ ಅನ್ನುವುದನ್ನು ಕೇಳಬಲ್ಲ. ಆರನೆಯ ನಿಮಿಷಕ್ಕೆ ಬೆನ್ನ ಹಿಂದೆ ಮಾತು ನಿಂತಿತು.

ತಿರುಗಿ ನೋಡಿದ. ಗೋವಿಂದರಾಜುವಿನ ಹೊಳ್ಳೆಗಳು ಅರಳಿರಲಿಲ್ಲ, ಮುಚ್ಚಿಕೊಂಡಿದ್ದವು. ಮುನಿಸ್ವಾಮಿ ಕರ್ಚೀಫು ತೆಗೆದು ಬಾಯಿಗಿಟ್ಟುಕೊಂಡಿದ್ದ. ಫಿಲೋಮಿನಮ್ಮ ಮಾತನಾಡುತ್ತಿದ್ದವಳು ವಾಕ್ಯದ ನಡುವೆ ನಿಂತು, ತಲೆ ಮೇಲೆತ್ತಿ, ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದಳು.

ಸೀಯುತ್ತಿದೆ, ಎಂದುಕೊಂಡ ಸಂಜೀವಪ್ಪ. ಬಿಸ್ಕತ್ತಿನ ಆ ಮಧ್ಯಾಹ್ನ ಕಣ್ಣ ಮುಂದೆ ಬಂತು. ಬಟ್ಟೆಯನ್ನೂ ಹುಡುಕದೆ ಏಪ್ರನ್ನಿನ ಸೆರಗಲ್ಲೇ ಒಲೆಯ ಬಾಗಿಲೆಳೆದು ಟ್ರೇ ಹೊರಗೆಳೆದ. ಹೆಬ್ಬೆರಳು ಚುರುಕ್ ಎಂದಿತು.

ಏನೂ ಸೀದಿರಲಿಲ್ಲ. ಒಂದು ನಿಮಿಷ ಮುಂಚೆಯೇ ತೆಗೆದಿದ್ದರೂ ಆರಕ್ಕೆ ಆರೂ ಬಟ್ಟಲು ಹೊಂಬಣ್ಣಕ್ಕೆ ತಿರುಗಿ, ಕೆನೆಯ ಮೇಲೆ ಕಪ್ಪು ಕಂದು ಚುಕ್ಕೆ ಎದ್ದಿದ್ದವು. ಹಾಗೆಯೇ ಏಳಬೇಕೆಂದು ಪಾಠದಲ್ಲಿ ಹೇಳಿದ್ದರು. ನಮ್ಮ ಶಿವಗಂಗೆ ಬೆಟ್ಟದ ಚಿರತೆ ಮೈಯಿದ್ದಂಗೆ ಎಂದು ಗೋವಿಂದರಾಜು ಅರ್ಥ ಬಿಡಿಸಿದ್ದ. ಮತ್ತೆ ಇವರ ಮುಖಕ್ಕೇನಾಗಿದೆ?

"ತಿನ್ನಿ ಮಾವ," ನಂದೀಶ ಮೊಬೈಲು ಎತ್ತಿ ಹಿಡಿದಿದ್ದ. ಅವನ ತುಟಿಯ ಎರಡೂ ತುದಿ ಅದುರುತ್ತಿದ್ದವು. "ಎಡೆ ಆಗೈತಲ್ಲ."

ಸಂಜೀವಪ್ಪ ಒಂದನ್ನು ಅಚ್ಚಿನಿಂದ ಬಿಡಿಸಿ ಊದಿ ಕಚ್ಚಿದ. ಪದರ ಗರಿಗರಿ ಮುರಿಯಿತು. ಆ ಸದ್ದಿಗೆ ಅವನಿಗೆ ಸಂತೋಷವಾಯಿತು. ಯಾಕೋ ಕೊನೆಯಲ್ಲಿ ನಾಲಿಗೆಗೆ ಒಂದು ಸಣ್ಣ ಕಹಿ ತಾಗಿತು. ನಿಂಬೆ ಸಿಪ್ಪೆ ಇರಬೇಕು, ಗೋವಿಂದರಾಜುವಿನ ಮೂಗು ಅರ್ಧ ನಿಮಿಷ ತಡ ಮಾಡಿರಬೇಕು ಎಂದುಕೊಂಡ. ಪೂರ್ತಿ ತಿಂದ. ಬೆರಳಿಗಂಟಿದ ಪುಡಿಯನ್ನೂ ನೆಕ್ಕಿದ. ಎಲ್ಲರೂ ತನ್ನನ್ನೇ ನೋಡುತ್ತಿದ್ದುದರಿಂದ ಏನಾದರೂ ಹೇಳಬೇಕೆನಿಸಿತು.

"ಚೆನ್ನಾಗೈತೆ. ನಮ್ ಕಡೇಗೆ ಮಾಡೋದಾದ್ರೆ ಒಂಚೂರು ಏಲಕ್ಕಿ ಹಾಕ್ಬೋದು."

ಯಾರೂ ನಗಲಿಲ್ಲ. ನಂದೀಶನ ತುಟಿಗಳು ಅದುರುವುದನ್ನು ನಿಲ್ಲಿಸಿದವು. ಅವನ ಕೈ ನಿಧಾನವಾಗಿ ಕೆಳಗಿಳಿದು, ಮೊಬೈಲು ನೆಲ ನೋಡುತ್ತಾ ತೊಡೆಯ ಪಕ್ಕ ನಿಂತಿತು. ಕೈ ಇಳಿದಾಗ ಅದರ ಹಿಂದೆ, ಮೇಜಿನ ಮೇಲೆ, ಮೊಟ್ಟೆ ಸಿಪ್ಪೆಗಳ ನಡುವೆ, ಅಕ್ಕಯಮ್ಮನ ಹಳದಿ ಡಬ್ಬಿ ಕಾಣಿಸಿತು. ಮುಚ್ಚಳ ತೆರೆದಿತ್ತು.

ಸಂಜೀವಪ್ಪ ಡಬ್ಬಿಯನ್ನು ನೋಡಿದ. ಕರ್ಚೀಫನ್ನು ನೋಡಿದ. ಟ್ರೇಯಲ್ಲಿ ಉಳಿದ ಐದು ಬಟ್ಟಲುಗಳನ್ನು ನೋಡಿದ.

"ಎಷ್ಟ್ ಹಾಕ್ದೆ?"

"ಮುಕ್ಕಾಲು ಚಮಚ, ಮಾವ."

"ನಾಲ್ಕೂರಿನ ಸಾರಿಗಾಯ್ತದಲ್ಲೋ."

"ಮಾವ," ನಂದೀಶ ಒಂದು ಹೆಜ್ಜೆ ಮುಂದೆ ಬಂದ. "ಎಷ್ಟು ದಿನ ಆಯ್ತು?"

ಸುಳ್ಳು ಹೇಳಲು ಸಂಜೀವಪ್ಪ ಬಾಯಿ ತೆರೆದ. ದೇವರು, ಥರ್ಮೋಸ್ಟಾಟು, ನೆಗಡಿ, ಎಲ್ಲವೂ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಆದರೆ ಎದುರಿಗೆ ನಿಂತವರಿಗೆ ಇನ್ನೂ ಕಣ್ಣಲ್ಲಿ ನೀರು ಬರುತ್ತಿತ್ತು, ಆ ವಾಸನೆಗೇ.

"ಆ ಜ್ವರದಾಗಿಂದ. ಎರಡು ವರ್ಸ. ಅವ್ವಂಗೂ ಹೇಳು," ಎಂದು ಫಿಲೋಮಿನಮ್ಮನ ಕಡೆ ಕೈ ತೋರಿಸಿದ. "ಪಾಪ, ಒಲೆ ಕೆಟ್ಟೋಯ್ತು ಅನ್ಕೊಂಡಾಳು."

ನಂದೀಶ ಹೇಳಿದ. ಆ ಮೂರು ಇಂಗ್ಲಿಷ್ ವಾಕ್ಯಗಳನ್ನು ಅವನು ಯಾರ ದನಿಯಲ್ಲೂ ಹೇಳಲಿಲ್ಲ. ಸಣ್ಣ, ಸ್ವಲ್ಪ ಒಡಕಾದ ದನಿ. ಓಹೋ ಇದೇ ಇವನದು ಎಂದು ಸಂಜೀವಪ್ಪನಿಗೆ ಅನಿಸಿತು. ಫಿಲೋಮಿನಮ್ಮ ಕೇಳಿಸಿಕೊಂಡು, ಸಂಜೀವಪ್ಪನ ಸುಟ್ಟ ಹೆಬ್ಬೆರಳನ್ನು ಹಿಡಿದು ತಣ್ಣೀರಿನ ಬಟ್ಟಲಿನೊಳಗೆ ಇಳಿಸಿದಳು. ಆಮೇಲೆ ಟ್ರೇಯಿಂದ ಒಂದನ್ನೆತ್ತಿ ತಾನೂ ಕಚ್ಚಿದಳು. ಕಣ್ಣು ತುಂಬಿ ಬಂದರೂ ಬಿಡದೆ, ಅಗಿದು ನುಂಗಿದಳು.

"ವೀಡಿಯೋ ಅಳಿಸ್ಬುಡ್ತೀನಿ ಮಾವ. ಯಾರ್ಗೂ ಹೇಳಲ್ಲ. ಇವ್ರೂ ಹೇಳಲ್ಲ."

"ನಾವ್ಯಾಕ್ ಹೇಳಾನ ಸಂಜೀವಣ್ಣ," ಎಂದ ಮುನಿಸ್ವಾಮಿ ಕರ್ಚೀಫಿನ ಒಳಗಿನಿಂದ.

ಸಂಜೀವಪ್ಪ ನೀರಿನಲ್ಲಿದ್ದ ಬೆರಳನ್ನೇ ನೋಡುತ್ತಿದ್ದ. "ಅದಿರ್ಲಿ. ಹೆಂಗೈತ್ಲಾ ವಾಸ್ನೆ?"

"ಹೆಂಗೆ ಅಂದ್ರೆ, ಇಂಗು ಮಾವ. ಇಂಗಿನ ಥರಾನೇ."

"ಅದ್ ಗೊತ್ತು. ಎಲ್ಲಾರ ದನೀನೂ ಮಾಡ್ತೀಯಲ್ಲ, ಇದನ್ನೂ ಮಾಡು. ನಂಗೆ ಕಾಣಂಗೆ ಮಾಡು."

ನಂದೀಶ ವೀಡಿಯೋ ನಿಲ್ಲಿಸುವುದನ್ನೂ ಮರೆತಿದ್ದ. ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಇಲ್ಲದ ಬಾಣಲೆಯ ಮೇಲೆ ಬಗ್ಗಿದ. ಬಾಯಿಯಲ್ಲಿ ಎಣ್ಣೆ ಕಾದಿತು, ಸಾಸಿವೆ ಚಟಪಟ ಸಿಡಿಯಿತು. ಎರಡು ಬೆರಳಲ್ಲಿ ಚಿಟಿಕೆ ಎತ್ತಿ ಹಾಕಿದ. ಚುಂಯ್. ಮುಖ ಪಕ್ಕಕ್ಕೆ ತಿರುಗಿಸಿ ಮೂರು ಸೀನು ಸೀನಿದ, ಎರಡು ಚಿಕ್ಕದು, ಮೂರನೆಯದು ಬೀದಿಗೆ ಕೇಳುವಂಥದ್ದು. ಆಮೇಲೆ ಅಕ್ಕಯಮ್ಮನದೇ ದನಿ: "ಏನ್ರೀ, ಎಲ್ಲೋದ್ರಿ, ಹಿತ್ಲು ಬಾಗ್ಲು ತೆಗೀರಿ. ಒಗ್ಗರಣೆ ಹಾಕ್ತಾ ಇವ್ನಿ."

ಸಂಜೀವಪ್ಪ ಕಣ್ಣು ಮುಚ್ಚಿದ್ದ. ಆ ಮೂರನೆಯ ಸೀನಿಗೆ ಅವನ ಮೂಗು ತಾನಾಗಿಯೇ ಒಂದು ಸಲ ಅರಳಿತು. ಗೋವಿಂದರಾಜು ಅದನ್ನು ನೋಡಿದ. ಮರುಗಳಿಗೆ ಸಂಜೀವಪ್ಪನ ಹೊಟ್ಟೆಯೊಳಗಿಂದ ಎದ್ದ ನಗು ಆ ಕಲ್ಲಿನ ಅಡುಗೆಮನೆಯನ್ನು ತುಂಬಿತು.

ವೀಡಿಯೋ ಅಳಿಸುವುದು ಬೇಡವೆಂದದ್ದು ಸಂಜೀವಪ್ಪನೇ. ಊರಿಗೆ ಬಂದ ಮೂರನೆಯ ದಿನ ಹನ್ನೊಂದು ಗಂಟೆಗೆ, ಒಲೆಗೆ ಬನ್ನಿನ ಟ್ರೇ ಇಟ್ಟು, ಬೇಕರಿಯ ಗಲ್ಲಾದ ಮೇಲೆ ಮೊಬೈಲು ಒರಗಿಸಿ, ಅಕ್ಕಯಮ್ಮನನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದ. ನಂದೀಶ ಬಾಗಿಲ ಹತ್ತಿರ ಓಡಲು ಅನುಕೂಲವಾದ ಜಾಗದಲ್ಲಿ ನಿಂತ.

ಮೊದಲು ಗಂಡ ಬಟ್ಟಲು ತಿನ್ನುವುದು ಕಂಡಿತು. ಆಮೇಲೆ ಚಿತ್ರ ಜಾರಿ ನೆಲ ಬಂತು. ಹಿಟ್ಟು ಚೆಲ್ಲಿದ ನೀಲಿ ಹೆಂಚು, ಒಂದು ಮೊಟ್ಟೆಯ ಸಿಪ್ಪೆ, ಸಂಜೀವಪ್ಪನ ಹೊಸ ಶೂಗಳು. ಉಳಿದದ್ದೆಲ್ಲ ಬರೀ ಮಾತು. ಅಕ್ಕಯಮ್ಮ ಆ ಶೂಗಳನ್ನೇ ನೋಡುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಮೇಲೆ ಒಂದು ವಿಮಾನ ಹೋಯಿತು. ಸದ್ದು ಇಳಿಯುವವರೆಗೆ ಸಂಜೀವಪ್ಪ ವೀಡಿಯೋ ನಿಲ್ಲಿಸಿ, ಮತ್ತೆ ಹಚ್ಚಿದ.

"ಯಾರ್ಲಾ ಅದು ಹಂಗ್ ಸೀನೋದು?"

"ನೀವೇ ಅತ್ತೆ."

"ನಾನ್ ಹಂಗ್ ಸೀನ್ತೀನಾ?" ಅವಳು ಗಂಡನ ಕಡೆ ತಿರುಗಿದಳು. "ಅದಕ್ಕೇನಾ ದಿನಾ ಪ್ರಸಾದ ಹೆಂಗೈತೆ, ಪ್ರಸಾದ ಹೆಂಗೈತೆ ಅಂತಿದ್ದಿದ್ದು?"

ಸಂಜೀವಪ್ಪ ತಲೆಯಾಡಿಸಿದ.

"ಆ ಥರ್ಮೋಸ್ಟಾಟು?"

"ಚೆನ್ನಾಗೇ ಇತ್ತು ಕಣೆ."

"ಬೈಲಪ್ಪಂಗೆ ಏನ್ ಹೇಳ್ತೀರಿ ಈಗ?"

ಸಂಜೀವಪ್ಪ ಎರಡು ವರ್ಷ ಅಂಜಿದ್ದು ಇದೇ ಪ್ರಶ್ನೆಗೆ. ಅಷ್ಟರಲ್ಲಿ ಮೊಬೈಲಿನೊಳಗಿನ ಸಂಜೀವಪ್ಪ ನಗಲು ಶುರುಮಾಡಿದ. ನೀಲಿ ಹೆಂಚಿನ ಮೇಲೆ ಎರಡು ಶೂಗಳು ನಗುವಿಗೆ ಹಿಂದೆ ಮುಂದೆ ತೂಗುತ್ತಿದ್ದವು. ಅದನ್ನು ನೋಡಿ ನಂದೀಶನಿಗೆ ಮೊದಲು ನಗು ಬಂತು, ತಡೆದುಕೊಂಡ. ಅಕ್ಕಯಮ್ಮ ತಡೆಯಲು ಸೆರಗನ್ನು ಬಾಯಿಗೊತ್ತಿದಳು; ಭುಜಗಳು ಕುಲುಕಿದವು. ಬಿಸ್ಕತ್ತು ಸೀದ ದಿನ ಅವಳ ಮೂಗಿನ ಮೇಲಿದ್ದ ಅದೇ ಸೆರಗಿನ ಗತಿ ನೋಡಿ, ಗಲ್ಲಾದ ಮೇಲೆ ಎರಡೂ ಕೈಯೂರಿ ಸಂಜೀವಪ್ಪ ನಕ್ಕ. ಎದುರು ಸೈಕಲ್ ಶಾಪಿನ ನರಸಿಂಹಯ್ಯ ಏನಾಯಿತೆಂದು ರಸ್ತೆಗೆ ಬಂದು ನಿಂತ. ಮೊಬೈಲಿನ ನಗುವನ್ನು ಅಂಗಡಿಯ ನಗು ಮುಳುಗಿಸಿಬಿಟ್ಟಿತ್ತು.

ಅಕ್ಕಯಮ್ಮ ಇದ್ದಕ್ಕಿದ್ದಂತೆ ಸೆರಗು ಕೆಳಗಿಳಿಸಿದಳು. ತಲೆ ಒಂಚೂರು ಮೇಲೆತ್ತಿ, ಒಲೆಯ ಕಡೆಗೆ ತಿರುಗಿದಳು.

"ಬಂತು," ಅಂದಳು. "ತೆಗೀರಿ."

ಸಂಜೀವಪ್ಪ ಬಟ್ಟೆ ಹೆಗಲಿಗೆಸೆದುಕೊಂಡು ಒಲೆಯ ಕಡೆ ನಡೆದ. ನಗು ಇನ್ನೂ ನಿಂತಿರಲಿಲ್ಲ. ಟ್ರೇ ಹೊರಗೆಳೆಯುವಾಗಲೂ ಬನ್ನುಗಳು ಅದರ ಮೇಲೆ ಸಣ್ಣಗೆ ಅದುರುತ್ತಿದ್ದವು.